ಕರೆಂಟಿಲ್ಲದ ಮಧ್ಯಾಹ್ನ

ಮನೆಯಿಂದ,
ಹದಿನಾಲ್ಕನೇ ತಾರೀಖು, ಗುರುವಾರ, ಶಾಲೆಗೆ ರಜೆ, ಮಧ್ಯಾಹ್ನ ಮೂರು ಗಂಟೆ

ನನ್ನ ಪಿಟೀಲಿಗೆ,

ಹೇಗಿದ್ದೀಯಮ್ಮಾ? ಬೆನ್ನುನೋವು ಹೇಗಿದೆ? ಬಗ್ಗಿ ಕೂತು ಆಲ್ಬಮ್ಮಿಗೆ ಫೋಟೋ ಅಂಟಿಸುವ ಕೆಲಸವನ್ನು ಒಂದೇ ಸಮನೆ ಮಾಡಬೇಡ, ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಓಡಾಡು. ನಿನ್ನ ಬೆನ್ನಿನ ಸುದ್ದಿ ಈ ಮುದುಕನಿಗೆ ಹೇಗೆ ಗೊತ್ತು ಎಂದು ಹುಬ್ಬೇರಿಸಬೇಡ. ನಿನ್ನಮ್ಮ ನಿನ್ನ ಮನೆಗೆ ಬಂದುಹೋದ ದಿನ ಸಂಜೆಯೆಲ್ಲ ಅಡುಗೆಮನೆಯಲ್ಲಿ ನಿಂತು ಪಾತ್ರೆಗಳಿಗೆ ನಿನ್ನ ಸುದ್ದಿ ಹೇಳುತ್ತಾಳೆ, ನಾನು ಹಜಾರದಲ್ಲಿ ಪೇಪರಿನ ಒಂದೇ ಪುಟವನ್ನು ಮುಕ್ಕಾಲು ಗಂಟೆ ಓದುತ್ತೇನೆ. ಮೊಮ್ಮಗಳಿಗೆ ಕನ್ನಡಕ ಬಂದಿದ್ದು, ಅವಳು ಅದನ್ನು ಎರಡು ಸಲ ಬಸ್ಸಿನಲ್ಲಿ ಬಿಟ್ಟು ಬಂದಿದ್ದು, ನಿನ್ನ ಗಂಡ ಸ್ಟುಡಿಯೋದ ಗೋಡೆಗೆ ಬಿಳಿ ಬಣ್ಣ ಬಳಿಸಿದ್ದು, ಎಲ್ಲವೂ ನನಗೆ ಹೀಗೆಯೇ ಪಾತ್ರೆಗಳ ಮೂಲಕ ತಲುಪಿದೆ. ನನ್ನ ಆರೋಗ್ಯಕ್ಕೇನೂ ಧಾಡಿಯಿಲ್ಲ. ಮಂಡಿ ಕಟಕಟ ಅನ್ನುತ್ತದೆ. ಎಡಗಿವಿ ಮಾತ್ರ ಸ್ವಲ್ಪ ಮಂದ, ಮೂವತ್ತೈದು ವರ್ಷ ಶಾಲೆಯ ಗಂಟೆ ಬಡಿಯುವ ಕಂಬಿಯ ಪಕ್ಕದಲ್ಲೇ ಇದ್ದದ್ದಕ್ಕೆ ಅದು ಕೊಟ್ಟ ಬಹುಮಾನ.

ಪಿಟೀಲು ಅಂತ ಕರೆದಿದ್ದಕ್ಕೆ ಬೇಸರವೇ? ಮೂವತ್ತೇಳು ವರ್ಷದ ಹೆಂಗಸನ್ನು ಹೀಗೆ ಕರೆಯಬಾರದು, ಗೊತ್ತು. ಆದರೆ ಹುಟ್ಟಿದ ದಿನ ನೀನು ಎಲ್ಲ ಮಕ್ಕಳ ಹಾಗೆ ಕಿರುಚಲಿಲ್ಲ. ಸಣ್ಣಗೆ, ಉದ್ದಕ್ಕೆ, ಒಂದೇ ಎಳೆಯಲ್ಲಿ ಅತ್ತೆ. ದಾದಿ ನಕ್ಕು 'ಇದೇನ್ರೀ, ಪಿಟೀಲು ಹುಟ್ಟಿದೆ ನಿಮಗೆ' ಅಂದಿದ್ದಳು. ಬೇರೆ ಹೆಸರಿನಿಂದ ಪತ್ರ ಶುರುಮಾಡಲು ನಾಲ್ಕು ಹಾಳೆ ಹರಿದು ನೋಡಿದೆ, ಆಗಲಿಲ್ಲ. ಫೋನಿನಲ್ಲೇ ಹೇಳಬಹುದಿತ್ತು. ಮೊನ್ನೆ ನಿನ್ನಮ್ಮ ಫೋನ್ ಹಿಡಿದು ಕೊಡಲೂ ಬಂದಳು. ಹಲೋ ಅಂದಮೇಲೆ ಏನು ಅನ್ನಬೇಕು ಎಂದು ತೋಚದೆ ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿಕೊಂಡೆ.

ಹದಿಮೂರು ವರ್ಷ ನಿನಗೊಂದು ಅಕ್ಷರ ಬರೆಯದವನು ಈಗ ಯಾಕೆ ಬರೆಯುತ್ತಿದ್ದಾನೆ ಎಂದು ಹೇಳಿಬಿಡುತ್ತೇನೆ. ಕಳೆದ ವಾರ ನನಗೊಂದು ವಿಷಯ ಗೊತ್ತಾಯಿತು. ದೊಡ್ಡ ವಿಷಯವೇನಲ್ಲ, ಲೋಕದಲ್ಲಿ ಹಲ್ಲು ಬಂದ ಮಕ್ಕಳಿಗೆಲ್ಲ ಗೊತ್ತಿರುವಂಥದ್ದು. ಐವತ್ತೊಂಬತ್ತು ವರ್ಷಕ್ಕೆ ನನಗೆ ಗೊತ್ತಾಯಿತು. ಮೊದಲೇ ಗೊತ್ತಿದ್ದಿದ್ದರೆ ನಿನ್ನ ಮಗಳು ನನ್ನ ತೊಡೆಯ ಮೇಲೆ ಬೆಳೆಯುತ್ತಿದ್ದಳು. ಓದಿ ನಗಬೇಕೆನಿಸಿದರೆ ನಗು, ಆದರೆ ಕೊನೆಯವರೆಗೂ ಓದು.

ನಮ್ಮ ಶಾಲೆಗೆ ಈ ವರ್ಷ ಕರೆಂಟಿನ ಬೆಲ್ ಬಂತು. ನಿನಗೆ ನೆನಪಿರುವ ಆ ರೈಲು ಕಂಬಿಯ ತುಂಡು ಇನ್ನೂ ಅದೇ ಮರದ ಕೊಂಬೆಗೆ ನೇತಾಡುತ್ತಿದೆ. ನೀನು ಓದುವಾಗ ನಾನು ಬಡಿದ ಮೇಲೆ ಓಡಿಬಂದು ಅದಕ್ಕೆ ಕೆನ್ನೆ ಒತ್ತಿ, 'ಅಪ್ಪಾ, ಒಳಗೆ ಇನ್ನೂ ಬಡೀತಾ ಇದೆ' ಅನ್ನುತ್ತಿದ್ದೆಯಲ್ಲ, ಅದೇ ಕಂಬಿ. ಆದರೆ ಅದಕ್ಕೀಗ ಕೆಲಸವಿಲ್ಲ. ಆಫೀಸ್ ರೂಮಿನ ಗೋಡೆಯಲ್ಲಿ ಒಂದು ಗುಂಡಿ, ಮೂರೂ ಮಹಡಿಯಲ್ಲಿ ಒಂದೊಂದು ಬೆಲ್. ಗುಂಡಿಯ ಪಕ್ಕ ಒಂದು ಸ್ಟೂಲು, ಸ್ಟೂಲಿನ ಮೇಲೆ ನಾನು. ಮಕ್ಕಳು ಈಗಲೂ ಗಂಟೆ ತಾತ ಎಂದೇ ಕರೆಯುತ್ತಾರೆ, ಆದರೆ ಬೆರಳ ತುದಿಯ ಕೆಲಸಕ್ಕೆ ಆ ಹೆಸರು ಹೊತ್ತು ಕೂರಲು ನನಗೇ ಸಂಕೋಚ. ಕಂಬಿ ಬಡಿಯುವಾಗ ತೋಳಿಗೆ ತಿಳಿಯುತ್ತಿತ್ತು. ಗುಂಡಿ ಒತ್ತಿದರೆ ಏನೂ ತಿಳಿಯುವುದಿಲ್ಲ, ಯಾರೋ ಎಲ್ಲೋ ಕಿರುಚುತ್ತಾರೆ ಅಷ್ಟೇ.

ಕಳೆದ ಮಂಗಳವಾರ ಊಟದ ನಂತರದ ಎರಡನೇ ಪೀರಿಯಡ್. ಆ ಪೀರಿಯಡ್ ಅಂದರೆ ನಿನಗೆ ಗೊತ್ತೇ ಇದೆ. ಇಡೀ ಶಾಲೆ ನೀರೊಳಗೆ ಮುಳುಗಿದ ಹಾಗಿರುತ್ತದೆ. ಬಿಸಿಲು ವರಾಂಡದ ನೆಲದ ಮೇಲೆ ಕಾಲುಚಾಚಿ ಮಲಗಿರುತ್ತದೆ, ಮೇಷ್ಟ್ರುಗಳ ದನಿ ಎಲ್ಲೋ ದೂರದಿಂದ ಬರುತ್ತದೆ, ಯಾವುದೋ ಕ್ಲಾಸಿನಲ್ಲಿ ಮಕ್ಕಳು ಮಗ್ಗಿಯನ್ನು ನಿದ್ದೆಗಣ್ಣಿನಲ್ಲಿ ಎಳೆಯುತ್ತಿರುತ್ತಾರೆ. ನನಗೂ ಕಣ್ಣು ಎಳೆಯುತ್ತಿತ್ತು. ಗಡಿಯಾರ ನೋಡಿದೆ, ಟೈಮಾಗಿತ್ತು. ಗುಂಡಿ ಒತ್ತಿದೆ. ಸದ್ದಿಲ್ಲ. ಮತ್ತೆ ಒತ್ತಿದೆ. ಸರಿಯಾಗಿ ತಾಗಿಲ್ಲವೇನೋ ಎಂದು ಹೆಬ್ಬೆರಳಿಟ್ಟು, ಎದ್ದು ನಿಂತು, ಮೈಭಾರವೆಲ್ಲ ಹಾಕಿ ಒತ್ತಿದೆ. ಅಷ್ಟರಲ್ಲಿ ಹೆಡ್ಮಿಸ್ಸು ಒಳಗೆ ಬಂದರು. 'ಕರೆಂಟೇ ಇಲ್ವಲ್ಲ, ಎಷ್ಟು ಒತ್ತಿದ್ರೂ ಅಷ್ಟೇ. ಹೋಗಿ ಕಂಬಿ ಬಡೀರಿ' ಅಂದರು. ನಾನು ಪೆದ್ದನ ಹಾಗೆ ಕೇಳಿದೆ, 'ಕರೆಂಟ್ ಹೋದ್ರೆ ಬೆಲ್ ಕೂಡ ಹೋಗುತ್ತಾ ಮೇಡಂ?' ಅವರು ಫ್ಯಾನ್ ಕಡೆ ಬೆರಳು ತೋರಿಸಿದರು. ಅದು ಅಲ್ಲಾಡದೆ ನಿಂತಿತ್ತು.

ನಗಬೇಡ, ನನ್ನ ಲೆಕ್ಕಾಚಾರ ಹೀಗಿತ್ತು. ಬೆಲ್ಲಿನ ಗುಂಡಿಗೂ ಒಳಗಿನ ಗಂಟೆಗೂ ನಡುವೆ ಒಂದು ವೈರ್ ಇದೆ ಅಂತ ಗೊತ್ತಿತ್ತು. ಅದು ಸೈಕಲ್ ಬ್ರೇಕಿನ ವೈರ್ ಇದ್ದಂತೆ ಎಂದುಕೊಂಡಿದ್ದೆ. ಇಲ್ಲಿ ಒತ್ತಿದರೆ ಅಲ್ಲಿ ಎಳೆಯುತ್ತದೆ, ಒಂದು ಸಣ್ಣ ಸುತ್ತಿಗೆ ಹೋಗಿ ಗಂಟೆಗೆ ಬಡಿಯುತ್ತದೆ, ಬಡಿಯುವುದು ನನ್ನ ಬೆರಳಿನ ಬಲವೇ. ಗಂಟೆ ಅಂದಮೇಲೆ ಬಡಿಯುವವನೊಬ್ಬ ಇರಬೇಕಲ್ಲ? ಜೀವಮಾನವಿಡೀ ಬಡಿದವನಿಗೆ ಬೇರೇನು ಹೊಳೆಯುತ್ತದೆ ಹೇಳು. ನಮ್ಮ ಮನೆಗೆ ಬೆಲ್ ಇಲ್ಲ, ಬರುವವರು ಚಿಲಕ ಅಲ್ಲಾಡಿಸುತ್ತಾರೆ. ಯಾರೂ ನನಗೆ ಹೇಳಿಕೊಡಲಿಲ್ಲ, ನಾನೂ ಕೇಳಲಿಲ್ಲ.

ಕಬ್ಬಿಣದ ಸಲಾಕೆ ಹಿಡಿದು ಮರದ ಕೆಳಗೆ ಹೋದೆ. ಕೈ ಎತ್ತಿದೆ. ಹಾಗೇ ಒಮ್ಮೆ ಶಾಲೆಯ ಕಡೆ ತಿರುಗಿದೆ. ಮೂರೂ ಮಹಡಿಯ ಕಿಟಕಿಗಳಲ್ಲಿ ಮಕ್ಕಳು ನೋಟ್‌ಬುಕ್ಕಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ನೂರಾರು ಕೈಗಳು, ಆ ಕಡೆ ಈ ಕಡೆ, ಆ ಕಡೆ ಈ ಕಡೆ. ಆಗ ಮಗಳೇ, ನನಗೆ ನಿನ್ನ ಕೈ ಕಾಣಿಸಿತು. ಬಾಲ್ಕನಿಯಲ್ಲಿ ನಿಂತು, ಮಡಿಚಿದ ಪೇಪರಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದ ನಿನ್ನ ಕೈ. ಎತ್ತಿದ ಸಲಾಕೆ ಎತ್ತಿದಂತೆಯೇ ಉಳಿಯಿತು. ಎಷ್ಟು ಹೊತ್ತು ನಿಂತೆನೋ ನನಗೆ ತಿಳಿಯದು. ಆ ಪೀರಿಯಡ್ ಹನ್ನೊಂದು ನಿಮಿಷ ಹೆಚ್ಚು ನಡೆಯಿತು ಎಂದು ಆಮೇಲೆ ಗುಮಾಸ್ತ ಹೇಳಿದ. ಮೂವತ್ತೈದು ವರ್ಷದಲ್ಲಿ ನಾನು ಒಂದು ನಿಮಿಷವೂ ತಪ್ಪಿದವನಲ್ಲ.

ಈಗ ಹೇಳಬೇಕಾದದ್ದನ್ನು ಹೇಳುತ್ತೇನೆ. ನಾನು ಬಂದಿದ್ದೆ.

ನೀನು ಬರೆದ ಕಾಗದ, 'ಅಪ್ಪಾ, ಮಗಳು ಹುಟ್ಟಿದ್ದಾಳೆ, ಒಂದೇ ಒಂದ್ಸಲ ಬಂದು ನೋಡಿ', ಅದು ಬಂದ ಒಂಬತ್ತನೇ ದಿನ ನಾನು ಬಂದಿದ್ದೆ. ನಿನ್ನಮ್ಮನಿಗೆ ಹಲ್ಲಿನ ಡಾಕ್ಟರ ಹತ್ತಿರ ಹೋಗುತ್ತೇನೆ ಎಂದು ಸುಳ್ಳು ಹೇಳಿದೆ. ನಿನ್ನ ಮದುವೆಗೆ ಬರುವುದಿಲ್ಲ, ನಿನ್ನ ಹೊಸಿಲು ತುಳಿಯುವುದಿಲ್ಲ ಎಂದು ಹಾರಾಡಿದವನು ನಾನೇ ಅಲ್ಲವೇ, ಅವಳ ಮುಂದೆ ಸೋತಂತೆ ಕಾಣಬಾರದಿತ್ತು. ನಾನು ಹಿಡಿದ ಮೊಲಕ್ಕೆ ಯಾವಾಗಲೂ ಮೂರೇ ಕಾಲು. ನಿನ್ನ ಗಂಡನ ಮೇಲೆ ನನಗಿದ್ದ ಸಿಟ್ಟಾದರೂ ಎಂಥದ್ದು? ಶಾಲೆಯ ಗ್ರೂಪ್ ಫೋಟೋ ತೆಗೆಯಲು ಬಂದವನು ನನ್ನನ್ನು ಸಾಲಿನ ತುದಿಗೆ ನಿಲ್ಲಿಸಿ 'ಸ್ವಲ್ಪ ನಗಿ ಯಜಮಾನ್ರೇ' ಅಂದ. ಆಗ ನಮ್ಮ ಶಾಲೆಯ ಲೈಬ್ರರಿಯಲ್ಲೇ ಕೆಲಸಕ್ಕಿದ್ದ ನೀನು ಬಾಗಿಲಲ್ಲಿ ನಿಂತು ನಕ್ಕೆ. ಊರಿಗೆಲ್ಲ ನಗಿ ನಗಿ ಅನ್ನುವವನು ತಾನೊಮ್ಮೆಯೂ ನಗುವುದಿಲ್ಲ, ಇವನೆಂಥ ಗಂಡು ಎಂದು ನನ್ನ ವಾದ. ಇಷ್ಟು ವರ್ಷ ಅವನು ನಿನ್ನನ್ನು ನಗಿಸಿಕೊಂಡು ಬಂದಿದ್ದಾನೆ ಎಂದು ನಿನ್ನಮ್ಮ ಹೇಳುತ್ತಾಳೆ. ಅವನಿಗೆ ನನ್ನ ಕ್ಷಮಾಪಣೆ ಹೇಳು.

ಆ ದಿನ ಆರು ಕಿತ್ತಳೆ ಹಣ್ಣು ಚೀಲದಲ್ಲಿ ಹಾಕಿಕೊಂಡು ಎರಡು ಬಸ್ಸು ಬದಲಾಯಿಸಿ ಬಂದೆ. ನಿಮ್ಮ ಕಟ್ಟಡ ಹುಡುಕಿದಾಗ ಹನ್ನೆರಡೂವರೆ. ಬೀದಿ ಬಾಗಿಲಿಗೆ ಕಬ್ಬಿಣದ ಗ್ರಿಲ್, ಒಳಗಿನಿಂದ ಬೀಗ. ಗೋಡೆಯಲ್ಲಿ ಆರು ಗುಂಡಿಗಳು, ಐದನೆಯದರ ಪಕ್ಕ ನಿನ್ನ ಗಂಡನ ಸ್ಟುಡಿಯೋದ ಹೆಸರು. ಬಟ್ಟೆಯಿಂದ ಮುಖ ಒರೆಸಿಕೊಂಡು, ತಲೆಗೂದಲು ಸರಿಮಾಡಿಕೊಂಡು ಒತ್ತಿದೆ. ಮೂರನೇ ಮಹಡಿಯ ಬೆಲ್ ಕೆಳಗೆ ನಿಂತವನಿಗೆ ಕೇಳಿಸುವುದಿಲ್ಲವಲ್ಲ, ಕಾದೆ. ಮತ್ತೆ ಒತ್ತಿದೆ. ರಸ್ತೆ ದಾಟಿ ಆ ಕಡೆ ಹೋಗಿ ಮೇಲೆ ನೋಡಿದೆ. ಎದುರಿನ ದರ್ಜಿ ಮತ್ತವನ ಹೆಂಡತಿ ಅಂಗಡಿಯ ಮೆಟ್ಟಿಲ ಮೇಲೆ ಕೂತು ರಟ್ಟಿನ ಚೂರಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಹಾಡಹಗಲೇ ಮಿಷನ್ ನಿಲ್ಲಿಸಿ ಹರಟುವ ಸೋಮಾರಿಗಳು ಎಂದು ಮನಸ್ಸಿನಲ್ಲೇ ಬೈದೆ. ಅವರ ಮಿಷನ್ ಓಡುವುದು ಕರೆಂಟಿನಿಂದ ಎಂದು ನನಗೇನು ಗೊತ್ತು!

ಆಗ ನೀನು ಬಾಲ್ಕನಿಗೆ ಬಂದೆ. ತೆಳ್ಳಗಾಗಿದ್ದೆ. ಕೂದಲು ಬಿಚ್ಚಿತ್ತು. ಪೇಪರ್ ಮಡಿಚಿಕೊಂಡು ಗಾಳಿ ಹಾಕಿಕೊಳ್ಳುತ್ತಾ ಬೀದಿಯ ಮೇಲೆ ಒಮ್ಮೆ ಕಣ್ಣಾಡಿಸಿದೆ. ನನ್ನ ಮೇಲೂ ಆಡಿತು ನಿನ್ನ ಕಣ್ಣು. ನಾನು ಚೀಲ ಹಿಡಿದ ಕೈ ಸ್ವಲ್ಪ ಎತ್ತಿದೆ. ನೀನು ಒಳಗೆ ಹೋದೆ. ಈಗ ಇಳಿದು ಬರುತ್ತಾಳೆ ಎಂದು ಓಡಿಬಂದು ಗ್ರಿಲ್ ಮುಂದೆ ನಿಂತೆ. ಮೆಟ್ಟಿಲ ಮೇಲೆ ಹೆಜ್ಜೆ ಸದ್ದಿಲ್ಲ. ಒತ್ತಿದೆ, ಉಗುರು ಬೆಳ್ಳಗಾಗುವಷ್ಟು ಒತ್ತಿದೆ. ಬೀದಿ ಎಷ್ಟು ಸ್ತಬ್ಧವಾಗಿತ್ತೆಂದರೆ ಮೇಲಿನಿಂದ ಮಗು ಅಳುವುದು ಕೇಳಿಸಿತು. ಸಣ್ಣಗೆ, ಉದ್ದಕ್ಕೆ. ನಿನ್ನ ಹಾಗೆಯೇ. ನನ್ನ ಮೊಮ್ಮಗಳ ದನಿ ನಾನು ಕೇಳಿದ್ದು ಅದೊಂದೇ ಸಲ.

ನಲವತ್ತು ನಿಮಿಷ ನಿಂತೆ. ನೋಡಿಯೂ ನೋಡದ ಹಾಗೆ ಹೋದಳು, ರಾಣಿಯ ಹಾಗೆ ಗಾಳಿ ಹಾಕಿಕೊಂಡು ನಿಂತು ಅಪ್ಪನನ್ನು ಬಿಸಿಲಲ್ಲಿ ಕಾಯಿಸಿದಳು ಎಂದು ಬೈದುಕೊಂಡು ತಿರುಗಿ ಹೊರಟೆ. ಬಾಣಂತಿಯ ನಿದ್ದೆಗೆಟ್ಟ ಕಣ್ಣು, ಎದುರಿಗೆ ಉರಿಬಿಸಿಲು, ಅಂಗಡಿಯ ನೆರಳಲ್ಲಿ ನಿಂತ ಒಬ್ಬ ಮನುಷ್ಯ ಅವಳಿಗೆ ಹೇಗೆ ಕಾಣಬೇಕು ಎಂದು ಒಂದು ಗಳಿಗೆ ಯೋಚಿಸಲಿಲ್ಲ. ಕೂಗಿದ್ದರೆ ಸಾಕಿತ್ತು. ಒಂದು ಬಡಿತಕ್ಕೆ ನಾನೂರು ಮಕ್ಕಳನ್ನು ಎಬ್ಬಿಸುವವನಿಗೆ ಮಗಳನ್ನು ಬೀದಿಯಲ್ಲಿ ನಿಂತು ಹೆಸರು ಹಿಡಿದು ಕೂಗಲು ಮಾತ್ರ ಬರಲಿಲ್ಲ. ವಾಪಸ್ ಬಸ್ಸಿನಲ್ಲಿ ಆರೂ ಕಿತ್ತಳೆಯನ್ನು ಒಂದಾದ ಮೇಲೊಂದು ನಾನೇ ತಿಂದು ಮುಗಿಸಿದೆ. ಪಕ್ಕದಲ್ಲಿ ಕೂತವರು ಹುಳಿಗೆ ಕಣ್ಣಲ್ಲಿ ನೀರು ಬರುತ್ತಿದೆ ಎಂದುಕೊಂಡಿರಬೇಕು.

ಅವತ್ತಿನಿಂದ ನಿನ್ನ ಹೆಸರು ಎತ್ತಿದವರ ಮೇಲೆಲ್ಲ ಹರಿಹಾಯ್ದೆ. ನೀನು ನಿನ್ನಮ್ಮನ ಕೈಲಿ 'ಅಪ್ಪ ಬರಲ್ವಂತಾ?' ಎಂದು ಎರಡು ವರ್ಷ ಕೇಳಿಸಿದೆ, ಆಮೇಲೆ ಕೇಳಿಸುವುದನ್ನು ಬಿಟ್ಟೆ. ಬಿಟ್ಟಾಗ ನನ್ನ ಅನುಮಾನವೇ ನಿಜವಾಯಿತು ಎಂದು ಒಳಗೊಳಗೇ ಜಂಬಪಟ್ಟೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಕರೆಂಟಿನವರು ಮಾಡಿದ್ದಕ್ಕೆ ಹನ್ನೆರಡು ವರ್ಷ ನಿನಗೆ ಬರೆ ಎಳೆದೆ ನಾನು.

ಮಂಗಳವಾರ ಸ್ಟಾಫ್ ರೂಮಿನಲ್ಲಿ ನನ್ನ ಬೆಲ್ಲಿನ ಪ್ರಶ್ನೆ ಎಲ್ಲರ ಬಾಯಿಗೂ ಬಿತ್ತು. ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಎನಿಸಿತು. ಎಲ್ಲರೂ ನಕ್ಕರು, ನಕ್ಕು ಮುಗಿಸಿದರು. ಆಮೇಲೆ ನಡೆದದ್ದು ವಿಚಿತ್ರ. ಲೆಕ್ಕದ ಮೇಷ್ಟ್ರು ಕೆಮ್ಮಿ, ನಲವತ್ತೆರಡು ವರ್ಷದವರೆಗೂ ತಾನು ಕಡಲೆಕಾಯಿ ಮರದಲ್ಲಿ ಹುಣಸೆಕಾಯಿಯ ಹಾಗೆ ನೇತಾಡುತ್ತದೆ ಎಂದು ನಂಬಿದ್ದಾಗಿ ಹೇಳಿದರು. ಹೆಡ್ಮಿಸ್ಸು ಬಾಗಿಲು ಮುಂದೆ ಮಾಡಿ ತಮ್ಮದನ್ನು ಹೇಳಿದರು. ಲಿಫ್ಟು ಕೆಳಗಿದ್ದರೆ ಅದನ್ನು ಮೇಲೆ ಕರೆಯಬೇಕಲ್ಲ ಎಂದು ಅವರು ಮೇಲಿನ ಬಾಣವನ್ನೇ ಒತ್ತುತ್ತಿದ್ದರಂತೆ. ಹಾಗಾಗಿ ಕೆಳಗಿಳಿಯಬೇಕಾದಾಗಲೆಲ್ಲ ಯಾರ ಜೊತೆಗೋ ಮೊದಲು ಮೇಲಕ್ಕೆ ಹೋಗಿಯೇ ಇಳಿಯುತ್ತಿದ್ದರು. ಅದು ಲಿಫ್ಟಿನ ಪದ್ಧತಿ ಎಂದೇ ತಿಳಿದಿದ್ದರಂತೆ, ಐವತ್ತೆರಡು ವರ್ಷದವರೆಗೆ! ಎಲ್ಲರಿಗಿಂತ ಕೊನೆಗೆ ಡ್ರಾಯಿಂಗ್ ಮೇಷ್ಟ್ರು ಮೆಲ್ಲಗೆ ಬಾಯಿಬಿಟ್ಟರು. ಚಿಕ್ಕಂದಿನಿಂದ ಅವರಿಗೆ ಆಗಾಗ ಬೆಳಿಗ್ಗೆ ಹತ್ತು ಗಂಟೆಗೆ ಆಕಾಶದಲ್ಲಿ ಬೆಳ್ಳಗೆ ಚಂದ್ರ ಕಾಣುತ್ತಿತ್ತಂತೆ. ಚಂದ್ರ ರಾತ್ರಿಯವನಲ್ಲವೇ, ತನ್ನ ಕಣ್ಣಿನಲ್ಲೇ ಏನೋ ಕಲೆಯಿದೆ, ಹೇಳಿದರೆ ಡ್ರಾಯಿಂಗ್ ಕೆಲಸ ಹೋಗುತ್ತದೆ ಎಂದು ಹೆಂಡತಿಗೂ ಹೇಳದೆ ಮೂವತ್ತು ವರ್ಷ ಹೆದರಿ ಬಾಳಿದರಂತೆ. ಒಂದು ದಿನ ಅವರ ಮಗು ಬೆರಳು ತೋರಿಸಿ 'ಚಂದಮಾಮ' ಅಂದಾಗ ಗೊತ್ತಾಯಿತಂತೆ ಅದು ಎಲ್ಲರಿಗೂ ಕಾಣುತ್ತದೆ ಎಂದು. ಅದನ್ನು ಕೇಳಿ ಯಾರೂ ನಗಲಿಲ್ಲ. ಎಲ್ಲರೂ ಕಿಟಕಿಗೆ ಹೋಗಿ ಆಕಾಶ ನೋಡಿದೆವು.

ಆ ಸಂಜೆ ನಿನ್ನಮ್ಮನಿಗೆ ಎಲ್ಲವನ್ನೂ ಹೇಳಿದೆ, ಹಲ್ಲಿನ ಡಾಕ್ಟರ ಸುಳ್ಳಿನಿಂದ ಶುರುಮಾಡಿ. ಅವಳು ಒಲೆ ಆರಿಸಿ ಬಂದು ಎದುರು ಕೂತಳು. 'ಆ ವರ್ಷವೆಲ್ಲ ಅಲ್ಲಿ ದಿನಾ ಹನ್ನೆರಡರಿಂದ ಎರಡರವರೆಗೆ ಕರೆಂಟ್ ತೆಗೀತಿದ್ರು. ನಾನು ಹೋದಾಗೆಲ್ಲ ಬೀದೀಲಿ ನಿಂತು ಕೂಗ್ತಿದ್ದೆ. ಬಾಯಿದ್ದೋರು ಬರಗಾಲದಲ್ಲೂ ಬದುಕ್ತಾರಂತೆ, ನಿಮಗೆ ಬಾಯಿ ಇರ್ಲಿಲ್ವಾ?' ಅಂದಳು. ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನನಗೋಸ್ಕರ ಅತ್ತಳೋ ನಿನಗೋಸ್ಕರವೋ ಕೇಳುವ ಧೈರ್ಯ ಆಗಲಿಲ್ಲ.

ಅಂದಿನಿಂದ ಮಲಗಿದರೆ ಅರೆನಿದ್ದೆಯಲ್ಲಿ ಅದೇ ಬೀದಿಗೆ ಹೋಗುತ್ತೇನೆ. ಗುಂಡಿ ಒತ್ತುತ್ತೇನೆ. ಈ ಸಲ ಬೆಲ್ ಹೊಡೆಯುತ್ತದೆ, ಒಂದು ಮನೆಯಲ್ಲಲ್ಲ, ಎಲ್ಲ ಮನೆಗಳಲ್ಲೂ. ಬಾಲ್ಕನಿಗಳಿಗೆಲ್ಲ ಜನ ಬರುತ್ತಾರೆ, ಗ್ರಿಲ್ ತಾನಾಗಿ ತೆರೆಯುತ್ತದೆ, ಎಂಟು ವರ್ಷದ ನೀನು ಶಾಲೆಯ ಚೀಲ ಹೊತ್ತು ಮೆಟ್ಟಿಲಿಳಿದು ಬಂದು 'ಎಷ್ಟು ಹೊತ್ತಪ್ಪಾ ನೀನು!' ಎಂದು ಗದರುತ್ತೀ. ಎಚ್ಚರವಾದರೆ ಹೆಬ್ಬೆರಳು ಹಾಸಿಗೆಯ ಅಂಚನ್ನು ಒತ್ತಿಕೊಂಡಿರುತ್ತದೆ. ನಿನಗೆ ಇದು ಹುಚ್ಚು ಅನಿಸಬಹುದು. ಅನಿಸಲಿ.

ನನಗೆ ಗೊತ್ತಿರಲಿಲ್ಲ ಅನ್ನುವುದು ಕ್ಷಮೆಗೆ ಸಾಕಾಗುವ ಮಾತಲ್ಲ. ಬೆಲ್ಲಿನ ಸಂಗತಿ ತಿಳಿಯದಿದ್ದದ್ದು ದಡ್ಡತನ, ಹೋಗಲಿ. ನನ್ನ ಮಗಳು ಅಂಥವಳಲ್ಲ ಎಂದು ತಿಳಿಯದಿದ್ದದ್ದಕ್ಕೆ ಏನು ಹೇಳಲಿ? ನಿನ್ನಿಂದ ನಾನು ಏನನ್ನೂ ಕೇಳುವುದಿಲ್ಲ. ಅಪ್ಪ ಬರಲೇ ಇಲ್ಲ ಎಂದು ನೀನು ಇಷ್ಟು ವರ್ಷ ನುಂಗಿಕೊಂಡಿದ್ದೀಯಲ್ಲ, ಅದನ್ನಿನ್ನು ಇಳಿಸಿಬಿಡು. ಬಂದಿದ್ದೆನಮ್ಮಾ. ಬಾಗಿಲವರೆಗೂ ಬಂದಿದ್ದೆ.

ಮೊಮ್ಮಗಳ ಕನ್ನಡಕ ಇನ್ನೊಮ್ಮೆ ಕಳೆಯದಿರಲಿ, ನಿನ್ನ ಬೆನ್ನು ಹಗುರಾಗಲಿ, ನಿನ್ನ ಗಂಡನ ಸ್ಟುಡಿಯೋದಲ್ಲಿ ಎಲ್ಲರೂ ಕೇಳದೆಯೇ ನಗುವಂತಾಗಲಿ ಎಂದು ಮನಸಾರೆ ಹರಸುವ,

ನಿನ್ನ ದಡ್ಡ ಅಪ್ಪ

ತಾ.ಕ.: ಭಾನುವಾರ, ಬೆಳಿಗ್ಗೆ ಹತ್ತೂವರೆ. ಈ ಪತ್ರವನ್ನು ಅಂಚೆಗೆ ಹಾಕಲಿಲ್ಲ, ನಾನೇ ತಂದಿದ್ದೇನೆ. ನಿಮ್ಮ ಎದುರಿನ ದರ್ಜಿಯ ಮೆಟ್ಟಿಲ ಮೇಲೆ ಕೂತು, ಅವನ ಪೆನ್ಸಿಲ್ ಇಸಿದುಕೊಂಡು ಇಷ್ಟನ್ನು ಗೀಚುತ್ತಿದ್ದೇನೆ. ನಿನ್ನ ಮಗಳ ಸ್ಕರ್ಟಿನ ಅಂಚು ಹೊಲಿದು ಮುಗಿದಿದೆಯಂತೆ, ಕೊಡಲು ಅವನೇ ಮೇಲೆ ಬರುತ್ತಿದ್ದಾನೆ, ಅವನ ಕೈಲಿ ಇದನ್ನೂ ಕಳಿಸುತ್ತೇನೆ. ಬೆಲ್ ಒತ್ತಲೆಂದು ಗ್ರಿಲ್ ಹತ್ತಿರ ಎರಡು ಸಲ ಹೋಗಿ ಬಂದೆ. ಬೆರಳಿಟ್ಟು ತೆಗೆದೆ. ಇಲ್ಲಿ ಅಂಗಡಿಯೊಳಗೆ ಫ್ಯಾನ್ ತಿರುಗುತ್ತಿದೆ, ಮಿಷನ್ ಓಡುತ್ತಿದೆ. ಕರೆಂಟ್ ಇದೆ. ಒತ್ತಿದರೆ ನಿನಗೆ ಖಂಡಿತ ಕೇಳಿಸುತ್ತದೆ, ಅದಕ್ಕೇ ಭಯ. ಅವತ್ತು ನೀನು ಬಾಗಿಲು ತೆರೆಯದಿದ್ದುದಕ್ಕೆ ಕರೆಂಟ್ ಕಾರಣ. ಇವತ್ತು ತೆರೆಯದಿದ್ದರೆ ಅದಕ್ಕೆ ಕಾರಣ ನಾನೇ. ಓದಿ ಮುಗಿದಿದ್ದರೆ ಒಮ್ಮೆ ಕೆಳಗೆ ನೋಡು, ಮಗಳೇ.